ಸದ್ದು, ಕಿವಿ ಮತ್ತು ಡೆಸಿಬೆಲ್ ಲೆಕ್ಕ

ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ನೋಡಬಾರದ್ದು ಎದುರಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳಬಹುದು. ಬೇಡದ ಸದ್ದು ಬಂದರೆ ಕಿವಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ನಾವು ನಿದ್ದೆ ಮಾಡುವಾಗಲೂ ಅದು ತೆರೆದೇ ಇರುತ್ತದೆ. ಕಲ್ಯಾಣ ಮಂಟಪದ ಸ್ಪೀಕರು, ಮೆರವಣಿಗೆಯ ಡಿಜೆ, ಹಿಂದಿನಿಂದ ಬಂದು ಬೆಚ್ಚಿಬೀಳಿಸುವ ಬಸ್ಸಿನ ಹಾರ್ನು, ಮಕ್ಕಳು ದಿನವಿಡೀ ಸಿಕ್ಕಿಸಿಕೊಂಡಿರುವ ಇಯರ್‌ಫೋನು, ಇವೆಲ್ಲವೂ ಆ ಬಾಗಿಲಿಲ್ಲದ ಮನೆಯೊಳಗೆ ನುಗ್ಗುತ್ತಲೇ ಇರುತ್ತವೆ.

ಇದರಿಂದ ಕಿವಿ ನಿಜವಾಗಿಯೂ ಕೆಡುತ್ತದೆಯೇ? ಎಷ್ಟು ಸದ್ದಾದರೆ ಅಪಾಯ? ಎಷ್ಟು ಹೊತ್ತು ಕೇಳಿದರೆ ಅಪಾಯ? ಇದಕ್ಕೆ ಉತ್ತರ ಬೇಕಾದರೆ ನಾವೆಲ್ಲ ಶಾಲೆಯಲ್ಲಿ ಓದಿ ಮರೆತಿರುವ ಭೌತಶಾಸ್ತ್ರದ ಒಂದು ಪಾಠವನ್ನು ಮತ್ತೆ ತೆರೆಯಬೇಕು. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅವರ ಪರೀಕ್ಷೆಗೂ ಆದೀತು, ನಿಮ್ಮ ಕಿವಿಗೂ ಆದೀತು.

ಸದ್ದೆಂದರೆ ನಡುಕ

ಅಡುಗೆಮನೆಯಿಂದ ಒಂದು ಸ್ಟೀಲಿನ ತಟ್ಟೆ ತನ್ನಿ. ಚಮಚದಿಂದ ಅಂಚಿಗೆ ಒಂದು ಪೆಟ್ಟು ಕೊಡಿ. 'ಠಣ್' ಎಂದು ಸದ್ದು ಹೊರಡುತ್ತದೆ. ಕೂಡಲೇ ಬೆರಳ ತುದಿಯಿಂದ ಅಂಚನ್ನು ಮೆಲ್ಲಗೆ ಮುಟ್ಟಿ. ಜುಮ್ಮೆನ್ನುವ ನಡುಕ ಬೆರಳಿಗೆ ತಿಳಿಯುತ್ತದೆ. ಗಟ್ಟಿಯಾಗಿ ಹಿಡಿದರೆ ನಡುಕವೂ ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಈಗ ಬಾಯಿ ಮುಚ್ಚಿಕೊಂಡು 'ಮ್...' ಎಂದು ಗುನುಗುತ್ತಾ ಗಂಟಲ ಮೇಲೆ ಬೆರಳಿಟ್ಟು ನೋಡಿ. ಅಲ್ಲಿಯೂ ಅದೇ ನಡುಕ. ಅಂದರೆ, ಎಲ್ಲಿ ಸದ್ದಿದೆಯೋ ಅಲ್ಲಿ ಏನೋ ಒಂದು ಕಂಪಿಸುತ್ತಿರಬೇಕು. ತಟ್ಟೆಯಲ್ಲಿ ಲೋಹ, ವೀಣೆಯಲ್ಲಿ ತಂತಿ, ಮೃದಂಗದಲ್ಲಿ ಚರ್ಮ, ನಮ್ಮ ಗಂಟಲಲ್ಲಿ ಧ್ವನಿತಂತುಗಳು.

ಈ ಕಂಪನ ನಮ್ಮ ಕಿವಿಯವರೆಗೆ ಬರುವುದು ಅಲೆಯಾಗಿ. ಕೆರೆಗೆ ಕಲ್ಲೆಸೆದಾಗ ಉಂಗುರದಂತೆ ಅಲೆಗಳು ಹರಡುವುದನ್ನು ನೋಡಿದ್ದೀರಿ. ಆ ನೀರಿನ ಮೇಲೆ ಒಂದು ಒಣಗಿದ ಎಲೆ ತೇಲುತ್ತಿದ್ದರೆ ಗಮನಿಸಿ. ಅಲೆ ದಡದವರೆಗೆ ಹೋಗುತ್ತದೆ, ಎಲೆ ಮಾತ್ರ ಇದ್ದಲ್ಲೇ ಮೇಲೆ ಕೆಳಗೆ ತೂಗುತ್ತದೆ. ನೀರು ಪ್ರಯಾಣ ಮಾಡಲಿಲ್ಲ, ನೀರಿನ ಚಲನೆಯಷ್ಟೇ ಪ್ರಯಾಣ ಮಾಡಿತು. ಅಲೆಯ ಗುಟ್ಟೇ ಇದು. ವಸ್ತು ಇದ್ದಲ್ಲೇ ಇರುತ್ತದೆ, ಶಕ್ತಿ ಮುಂದೆ ಸಾಗುತ್ತದೆ.

ಗಾಳಿಯಲ್ಲಿ ಸದ್ದಿನ ಅಲೆ ಮೇಲೆ ಕೆಳಗೆ ಏಳುವುದಿಲ್ಲ. ಅದನ್ನು ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲಿಗೆ ಹೋಲಿಸಬಹುದು. ಸಾಲಿನ ಕೊನೆಯವನು ಮುಂದಿನವನನ್ನು ತಳ್ಳುತ್ತಾನೆ, ಅವನು ತನ್ನ ಮುಂದಿನವನ ಮೇಲೆ ವಾಲಿ ಮತ್ತೆ ನೆಟ್ಟಗೆ ನಿಲ್ಲುತ್ತಾನೆ. ತಳ್ಳು ಮಾತ್ರ ಸಾಲಿನ ತುದಿಯವರೆಗೆ ತಲುಪುತ್ತದೆ, ಯಾರೂ ತಮ್ಮ ಜಾಗ ಬಿಡುವುದಿಲ್ಲ. ಗಾಳಿಯ ಕಣಗಳೂ ಹೀಗೆಯೇ ಒಂದೆಡೆ ಒತ್ತಾಗುತ್ತವೆ, ಪಕ್ಕದಲ್ಲಿ ವಿರಳವಾಗುತ್ತವೆ. ಈ ಒತ್ತು ಮತ್ತು ವಿರಳಗಳ ಸರಣಿಯೇ ಶಬ್ದತರಂಗ.

ಹಾದಿ ಇಲ್ಲದೆ ಸದ್ದಿಲ್ಲ

ತಳ್ಳಲು ಸಾಲಿನಲ್ಲಿ ಜನರೇ ಇಲ್ಲದಿದ್ದರೆ? ತಳ್ಳು ಮುಂದೆ ಹೋಗುವುದಿಲ್ಲ. ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ 1660ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ತೋರಿಸಿದ. ಗಾಜಿನ ಪಾತ್ರೆಯೊಳಗಿನ ಗಾಳಿಯನ್ನು ಹೊರತೆಗೆಯುತ್ತಾ ಹೋದಂತೆ ಒಳಗಿದ್ದ ಗಡಿಯಾರದ ಸದ್ದು ಕ್ಷೀಣಿಸಿತು. ಚಂದ್ರನ ಮೇಲೆ ಗಾಳಿಯಿಲ್ಲ. ಅಲ್ಲಿ ಪಕ್ಕದಲ್ಲೇ ನಿಂತು ಕೂಗಿದರೂ ಕೇಳುವುದಿಲ್ಲ.

ಸಾಮಾನ್ಯ ಉಷ್ಣತೆಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ನೀರಿನಲ್ಲಿ ಸುಮಾರು 1,480 ಮೀಟರ್. ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಮೂರು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಅಷ್ಟು ಹತ್ತಿರ ಬಂದಿದ್ದರೆ ಮರದಡಿ ನಿಲ್ಲದೆ ಮನೆಯೊಳಗೆ ಹೋಗುವುದು ಜಾಣತನ.

ಘನವಸ್ತುವಿನಲ್ಲಿ ಸದ್ದು ಚೆನ್ನಾಗಿ ಹಾಯುತ್ತದೆ ಎಂಬುದಕ್ಕೆ ನಮ್ಮ ಬಾಲ್ಯದ ಬೆಂಕಿಪೊಟ್ಟಣದ ಫೋನೇ ಸಾಕ್ಷಿ. ಎರಡು ಖಾಲಿ ಪೊಟ್ಟಣ, ನಡುವೆ ಬಿಗಿಯಾಗಿ ಎಳೆದ ದಾರ. ಇಂದಿನ ಮಕ್ಕಳಿಗೆ ಟೀ ಕುಡಿಯುವ ಕಾಗದದ ಲೋಟದಲ್ಲಿ ಮಾಡಿಕೊಡಿ. ದಾರ ಸಡಿಲವಾದರೆ ಮಾತು ನಿಲ್ಲುತ್ತದೆ. ಏಕೆಂದು ಅವರನ್ನೇ ಕೇಳಿ.

ಶ್ರುತಿ ಬೇರೆ, ಜೋರು ಬೇರೆ

ಸದ್ದಿಗೆ ಎರಡು ಮುಖ್ಯ ಗುಣಗಳಿವೆ. ಒಂದು, ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು. ಇದೇ ಆವೃತ್ತಿ, ಇದರ ಮಾನ ಹರ್ಟ್ಜ್. ಸೆಕೆಂಡಿಗೆ 100 ಕಂಪನವಾದರೆ 100 ಹರ್ಟ್ಜ್. ಆವೃತ್ತಿ ಹೆಚ್ಚಿದಂತೆ ದನಿ ಕೀರಲಾಗುತ್ತದೆ, ಕಡಿಮೆಯಾದಂತೆ ಗಡಸಾಗುತ್ತದೆ. ಗಂಡಸರ ಮಾತಿನ ಶ್ರುತಿ ಸಾಮಾನ್ಯವಾಗಿ 100ರಿಂದ 150 ಹರ್ಟ್ಜ್, ಹೆಂಗಸರದು 200ರ ಆಚೀಚೆ. ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಹೆಣ್ಣು ಸೊಳ್ಳೆಯ ರೆಕ್ಕೆ ಸೆಕೆಂಡಿಗೆ ಸುಮಾರು 400ರಿಂದ 600 ಸಲ ಬಡಿಯುತ್ತದೆ. ಎಳೆಯ ಆರೋಗ್ಯವಂತ ಕಿವಿಗೆ 20ರಿಂದ 20,000 ಹರ್ಟ್ಜ್‌ವರೆಗಿನ ಸದ್ದು ಕೇಳುತ್ತದೆ. ಅದಕ್ಕೂ ಮೇಲಿನದು ಶ್ರವಣಾತೀತ ಶಬ್ದ. ಬಾವಲಿಗೆ, ನಾಯಿಗೆ ಕೇಳುತ್ತದೆ, ನಮಗಿಲ್ಲ.

ಎರಡನೆಯದು, ಕಂಪಿಸುವ ವಸ್ತು ಎಷ್ಟು ದೂರ ಆಚೀಚೆ ತೂಗುತ್ತದೆ ಎಂಬುದು. ಇದು ಕಂಪನದ ವಿಸ್ತಾರ. ತಟ್ಟೆಗೆ ಮೆಲ್ಲಗೆ ಹೊಡೆಯಿರಿ, ಜೋರಾಗಿ ಹೊಡೆಯಿರಿ, ಶ್ರುತಿ ಒಂದೇ. ಬದಲಾಗುವುದು ಜೋರು ಮಾತ್ರ.

ಈ ಪಾಠದಲ್ಲಿ ಸರ್ ಸಿ.ವಿ. ರಾಮನ್ ಅವರನ್ನು ನೆನೆಯದೆ ಹೋಗುವಂತಿಲ್ಲ. ಬೆಳಕಿನ ಸಂಶೋಧನೆಗೆ ನೊಬೆಲ್ ಪಡೆದ ಅವರು ಸದ್ದಿನ ಬಗ್ಗೆಯೂ ಬಹಳ ಕೆಲಸ ಮಾಡಿದ್ದರು. ಸಾಮಾನ್ಯ ಡೋಲಿನ ಚರ್ಮ ಕಂಪಿಸುವಾಗ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಅದು ಬರಿಯ 'ಢಂ'. ಮೃದಂಗ, ತಬಲಗಳ ಚರ್ಮದ ನಡುವೆ ಹಚ್ಚಿದ ಕಪ್ಪು ಕರಣೆ ಆ ಸ್ವರಗಳನ್ನು ಹೊಂದಾಣಿಕೆಗೆ ತರುತ್ತದೆ, ಆದ್ದರಿಂದ ಅವು ಶ್ರುತಿಗೆ ಕೂಡುತ್ತವೆ ಎಂದು 1920ರಲ್ಲಿ ಅವರು ತೋರಿಸಿಕೊಟ್ಟರು. ನಮ್ಮ ವಾದ್ಯ ತಯಾರಕರು ಶಾಲೆಯ ಪಾಠವಿಲ್ಲದೆ ಕೈಯಲ್ಲೇ ಕಂಡುಕೊಂಡಿದ್ದ ವಿಜ್ಞಾನ ಅದು.

ಮೋಸ ಮಾಡುವ ಲೆಕ್ಕ

ಸದ್ದಿನ ಜೋರನ್ನು ಅಳೆಯುವ ಮಾನ ಡೆಸಿಬೆಲ್. ದೂರವಾಣಿ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ನೆನಪಿಗೆ ಈ ಹೆಸರು. ಬೆಲ್‌ನ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಕಿವುಡ ಮಕ್ಕಳಿಗೆ ಪಾಠ ಹೇಳುವುದು ಅವನ ವೃತ್ತಿಯಾಗಿತ್ತು.

ಕೆಲವು ಅಂದಾಜು ಅಂಕಿಗಳನ್ನು ನೋಡಿ:

ಪಿಸುಮಾತು – 30 ಡೆಸಿಬೆಲ್
ಸಾಮಾನ್ಯ ಮಾತುಕತೆ – 60
ವಾಹನಗಳು ಗಿಜಿಗುಡುವ ರಸ್ತೆ – 80
ಅಡುಗೆಮನೆಯ ಮಿಕ್ಸಿ – 85ರ ಆಸುಪಾಸು
ಹತ್ತಿರದಿಂದ ಕೇಳಿದ ಲಾರಿ, ಬಸ್ಸಿನ ಹಾರ್ನು – 100ಕ್ಕಿಂತ ಹೆಚ್ಚು
ಮೆರವಣಿಗೆಯ ಡಿಜೆ ಸ್ಪೀಕರಿನ ಮುಂದೆ – 100ರಿಂದ 115
ಪಕ್ಕದಲ್ಲೇ ಸಿಡಿದ ಪಟಾಕಿ – 140ಕ್ಕೂ ಹೆಚ್ಚು

ಇಲ್ಲೇ ನಾವೆಲ್ಲ ಮೋಸಹೋಗುವುದು. 80 ಮತ್ತು 90ಕ್ಕೆ ಹತ್ತೇ ತಾನೇ ವ್ಯತ್ಯಾಸ ಎಂದುಕೊಳ್ಳುತ್ತೇವೆ. ಅದು ಮೊಳ ಹಾಕಿ ಅಳೆಯುವ ಲೆಕ್ಕವಲ್ಲ, ಮಡಿ ಹಾಕಿ ಅಳೆಯುವ ಲೆಕ್ಕ. ಪ್ರತಿ 10 ಡೆಸಿಬೆಲ್ ಏರಿದಾಗ ಕಿವಿಗೆ ಬಡಿಯುವ ಶಕ್ತಿ ಹತ್ತು ಮಡಿಯಾಗುತ್ತದೆ. 80ಕ್ಕಿಂತ 90 ಹತ್ತು ಮಡಿ, 100 ನೂರು ಮಡಿ, 110 ಸಾವಿರ ಮಡಿ. ಕೇವಲ 3 ಡೆಸಿಬೆಲ್ ಏರಿದರೆ ಸಾಕು, ಶಕ್ತಿ ಇಮ್ಮಡಿ. ಆದರೆ 10 ಡೆಸಿಬೆಲ್ ಏರಿದಾಗ ನಮ್ಮ ಮಿದುಳಿಗೆ ಸದ್ದು ಸುಮಾರು ಎರಡರಷ್ಟಾದಂತೆ ಮಾತ್ರ ಅನ್ನಿಸುತ್ತದೆ. ಪೆಟ್ಟು ಹತ್ತರಷ್ಟು, ಅನ್ನಿಸುವುದು ಎರಡರಷ್ಟು. ಕಿವಿ ಕೆಡುತ್ತಿದ್ದರೂ ನಮಗೆ ತಿಳಿಯದಿರುವುದು ಈ ಕಾರಣದಿಂದ.

ಒಂದು ಸಮಾಧಾನವೂ ಇದೆ. ಬಯಲಿನಲ್ಲಿ ಸ್ಪೀಕರಿನಿಂದ ಎರಡರಷ್ಟು ದೂರ ಸರಿದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಹತ್ತರಷ್ಟು ದೂರ ಹೋದರೆ 20 ಡೆಸಿಬೆಲ್ ಇಳಿಯುತ್ತದೆ. ಕಾಸಿಲ್ಲದ ಔಷಧಿ ಎಂದರೆ ದೂರ ಸರಿಯುವುದೇ. ಕಲ್ಯಾಣ ಮಂಟಪದಂಥ ನಾಲ್ಕು ಗೋಡೆಗಳ ಒಳಗೆ ಈ ಲೆಕ್ಕ ಪೂರ್ತಿ ನಡೆಯದು, ಏಕೆಂದರೆ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ವಿಜಯಪುರದ ಗೋಲಗುಮ್ಮಟವನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಸುಮಾರು 38 ಮೀಟರ್ ಆಚೆ ಎದುರುಗಡೆಯವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಗೋಡೆ ಪಿಸುಮಾತನ್ನೇ ಅಷ್ಟು ಕಾಪಾಡುವುದಾದರೆ ಡಿಜೆಯನ್ನು ಬಿಟ್ಟೀತೇ?

ಕಿವಿಯೊಳಗೆ ಏನಾಗುತ್ತದೆ?

ಹೊರಗಿವಿ ಸದ್ದನ್ನು ಬಾಚಿಕೊಂಡು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆಯೊಳಗೆ ಕಳಿಸುತ್ತದೆ. ಖಾಲಿ ಸೀಸೆಯ ಬಾಯಿಗೆ ಊದಿದರೆ ಒಂದು ನಿರ್ದಿಷ್ಟ ಸ್ವರವೇ ಹೊರಡುತ್ತದಲ್ಲವೇ? ಈ ಕೊಳವೆಗೂ ಹಾಗೆ ತನ್ನದೇ ಸ್ವರವಿದೆ. ಅದು 3,000 ಹರ್ಟ್ಜ್‌ನ ಆಸುಪಾಸು. ಆ ಆವೃತ್ತಿಯ ಸದ್ದನ್ನು ಕೊಳವೆ ಹೆಚ್ಚಿಸಿ ಒಳಗೆ ಕೊಡುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೊಳವೆಯ ಕೊನೆಗೆ ಕಿವಿಯ ತಮಟೆ. ಅದರ ಹಿಂದೆ ಗಾಳಿ ತುಂಬಿದ ನಡುಗಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು. ರಿಕಾಪು ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ. ಇವೇಕೆ ಬೇಕು? ಒಳಗಿವಿಯಲ್ಲಿರುವುದು ದ್ರವ. ಗಾಳಿಯಲ್ಲಿ ಬಂದ ಸದ್ದು ನೇರವಾಗಿ ದ್ರವಕ್ಕೆ ಬಡಿದರೆ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಹೋಗುತ್ತದೆ, ಉಳಿದದ್ದು ವಾಪಸ್. ಬಾವಿಯಲ್ಲಿ ಮುಳುಗಿದವನಿಗೆ ದಡದವರ ಕೂಗು ಕೇಳದಿರುವುದು ಇದರಿಂದಲೇ. ಈ ತೊಡಕನ್ನು ನಡುಗಿವಿ ಬಿಡಿಸುತ್ತದೆ. ದೊಡ್ಡ ತಮಟೆಯ ಮೇಲೆ ಬಿದ್ದ ಒತ್ತಡವನ್ನು ಅದರ 17ನೇ ಒಂದು ಪಾಲಿನಷ್ಟು ಚಿಕ್ಕದಾದ ರಿಕಾಪಿನ ಪಾದಕ್ಕೆ ತಂದು, ಮೂಳೆಗಳ ಸನ್ನೆಯ ಬಲವನ್ನೂ ಸೇರಿಸಿ, ಸುಮಾರು 20 ಪಟ್ಟಿಗೂ ಹೆಚ್ಚು ಮಾಡಿ ಒಳಗೆ ತಳ್ಳುತ್ತದೆ. ಮೊಳೆಯ ಅಗಲ ತಲೆಗೆ ಹೊಡೆದಾಗ ಚೂಪಾದ ತುದಿ ಗೋಡೆಗೆ ಇಳಿಯುವಂತೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿದ ಕಾಕ್ಲಿಯ ಇದೆ. ಬಿಡಿಸಿಟ್ಟರೆ 35 ಮಿಲಿಮೀಟರ್ ಉದ್ದ. ಅದರುದ್ದಕ್ಕೂ ಹಾಸಿದ ಪೊರೆಯ ಮೇಲೆ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಹಾರ್ಮೋನಿಯಂ ಮನೆಗಳಂತೆ ಇಲ್ಲಿ ಪ್ರತಿ ಸ್ವರಕ್ಕೂ ಜಾಗ ಗೊತ್ತಾಗಿದೆ. ಬಾಗಿಲ ಬಳಿ ಕೀರಲು ಸ್ವರಗಳು, ಒಳತುದಿಯಲ್ಲಿ ಗಡಸು ಸ್ವರಗಳು. ಅಲೆಗಳು ಈ ಪೊರೆಯ ಮೇಲೆ ಹೇಗೆ ಹರಿಯುತ್ತವೆ ಎಂದು ತೋರಿಸಿದ ಗಿಯೋರ್ಗ್ ಫಾನ್ ಬೆಕೆಸಿಗೆ 1961ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಂತು. ರೋಮಕೋಶದ ತುದಿಯ ಎಳೆಗಳು ಬಾಗಿದಾಗ ವಿದ್ಯುತ್ ಸಂಕೇತ ಹುಟ್ಟಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಆಗ ನಾವು 'ಕೇಳಿತು' ಎನ್ನುತ್ತೇವೆ.

ಕೆಡುವುದು ಹೇಗೆ?

ಗದ್ದೆಯ ಪೈರು ಗಾಳಿಗೆ ಬಾಗಿ ಮತ್ತೆ ನಿಲ್ಲುತ್ತದೆ. ಬಿರುಗಾಳಿ ಬಂದರೆ ಮಲಗುತ್ತದೆ. ಬಿರುಗಾಳಿ ಮತ್ತೆ ಮತ್ತೆ ಬಂದರೆ ಬುಡವೇ ಮುರಿಯುತ್ತದೆ. ರೋಮಕೋಶಗಳ ಕಥೆಯೂ ಇಷ್ಟೇ. ಮೆರವಣಿಗೆಯಿಂದ ಮನೆಗೆ ಬಂದ ರಾತ್ರಿ ಕಿವಿ ಮಂದವಾಗಿ ಗುಂಯ್‌ಗುಟ್ಟಿ, ಮರುದಿನ ಸರಿಹೋದರೆ ಪೈರು ಮಲಗಿ ಎದ್ದಿದೆ ಎಂದರ್ಥ. ಅದು ಎಚ್ಚರಿಕೆಯ ಗಂಟೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಗಾಯ ಮಾಯುತ್ತದೆ, ಮುರಿದ ಮೂಳೆ ಕೂಡುತ್ತದೆ, ಇದು ಮಾತ್ರ ಹೋದರೆ ಹೋಯಿತು.

ಸದ್ದಿನಿಂದ ಬಂದ ಕಿವುಡು ಮೊದಲು ಕಾಣಿಸಿಕೊಳ್ಳುವುದು 4,000 ಹರ್ಟ್ಜ್‌ನ ಸುತ್ತ. ಕಿವಿಯ ಕೊಳವೆ 3,000 ಹರ್ಟ್ಜ್‌ನ ಸುತ್ತಲಿನ ಸದ್ದನ್ನು ಹೆಚ್ಚಿಸಿಕೊಡುತ್ತದೆ ಎಂದೆನಲ್ಲ, ಇದಕ್ಕೆ ಅದೂ ಒಂದು ಕಾರಣ. ಆದರೆ ನಮ್ಮ ಮಾತಿನ ಸ್ವರಾಕ್ಷರಗಳ ಬಲವೆಲ್ಲ ಇದಕ್ಕಿಂತ ಕೆಳಗಿನ ಆವೃತ್ತಿಗಳಲ್ಲಿದೆ. ಆದ್ದರಿಂದ 'ಆ', 'ಊ' ಚೆನ್ನಾಗಿ ಕೇಳುತ್ತವೆ, ಸ, ತ, ಕ, ಪಗಳಂಥ ತೆಳು ಸದ್ದುಗಳು ಜಾರಿಹೋಗುತ್ತವೆ. ಹಾಲು, ಸಾಲು, ಪಾಲು, ಕಾಲು ಎಲ್ಲವೂ ಒಂದೇ ಆಗುತ್ತವೆ. 'ನಮ್ಮ ಯಜಮಾನರಿಗೆ ಕೇಳುತ್ತೆ ಡಾಕ್ಟ್ರೇ, ಆದ್ರೆ ಬೇಕೂಂತ್ಲೇ ಉತ್ತರ ಕೊಡಲ್ಲ' ಎಂದು ಹೆಂಗಸರು ದೂರುವುದನ್ನು ಕ್ಲಿನಿಕ್ಕಿನಲ್ಲಿ ಕೇಳುತ್ತಿರುತ್ತೇನೆ. ಬೇಕೆಂದಲ್ಲ ತಾಯಿ, ಮಾತು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ಇಂಥವರ ಬಳಿ ಕಿರುಚಿ ಪ್ರಯೋಜನವಿಲ್ಲ. ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಬೇಕು.

ಈ ಅಪಾಯ ಹಬ್ಬದ ದಿನದ್ದು ಮಾತ್ರವಲ್ಲ. ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿ, ಬೆಟಗೇರಿಗಳಂಥ ಊರುಗಳಲ್ಲಿ ವಿದ್ಯುತ್ ಮಗ್ಗದ ಪಕ್ಕದಲ್ಲೇ ಇಡೀ ದಿನ ಕಳೆಯುವವರಿದ್ದಾರೆ. ಮಗ್ಗದ ಮನೆಯ ಸದ್ದು 90 ಡೆಸಿಬೆಲ್ ಮೀರುವುದು ಸಾಮಾನ್ಯ. ಗಿರಣಿ, ಕಲ್ಲು ಕ್ರಷರ್, ಲೇತ್ ಶೆಡ್ಡುಗಳಲ್ಲಿ ದುಡಿಯುವವರದೂ ಇದೇ ಪಾಡು. 'ಅಭ್ಯಾಸವಾಗಿಬಿಟ್ಟಿದೆ, ಈಗ ಸದ್ದೇ ಅನ್ನಿಸುವುದಿಲ್ಲ' ಎಂದು ಅವರು ಹೇಳಿದರೆ ಅದು ಅಭ್ಯಾಸವಲ್ಲದಿರಬಹುದು, ಕಿವುಡಿನ ಆರಂಭವೇ ಆಗಿರಬಹುದು.

ಸದ್ದಿನ ಕಾಟ ಕಿವಿಗಷ್ಟೇ ನಿಲ್ಲುವುದಿಲ್ಲ. ರಾತ್ರಿಯ ಸದ್ದು ನಿದ್ದೆ ಕೆಡಿಸುತ್ತದೆ, ಒತ್ತಡದ ಹಾರ್ಮೋನುಗಳನ್ನು ಏರಿಸುತ್ತದೆ. ವರ್ಷಗಟ್ಟಲೆ ರಸ್ತೆಯ ಸದ್ದಿನಲ್ಲಿ ಬದುಕುವವರಲ್ಲಿ ಹೃದಯದ ಕಾಯಿಲೆಯ ಸಂಭವವೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗ 2018ರಲ್ಲಿ ವಾಹನಗಳ ರಾತ್ರಿಯ ಸದ್ದು 45 ಡೆಸಿಬೆಲ್‌ಗಿಂತ ಕೆಳಗಿರಲಿ ಎಂದು ಸಲಹೆ ಮಾಡಿತು.

ಎಷ್ಟು ಹೊತ್ತು ಕೇಳಬಹುದು?

ಕಿವಿಗೆ ಲೆಕ್ಕ ಒಂದೇ: ಒಟ್ಟು ಎಷ್ಟು ಶಕ್ತಿ ಬಿತ್ತು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 80 ಡೆಸಿಬೆಲ್ ಸದ್ದನ್ನು ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು. ಈಗ ಮಡಿಯ ಲೆಕ್ಕ ಹಾಕಿ. 90 ಡೆಸಿಬೆಲ್ ಆದರೆ ಶಕ್ತಿ ಹತ್ತು ಮಡಿ, ಆದ್ದರಿಂದ ಹೊತ್ತು ಹತ್ತನೇ ಒಂದು ಪಾಲು, ಅಂದರೆ ವಾರಕ್ಕೆ 4 ಗಂಟೆ. 100 ಡೆಸಿಬೆಲ್ ಆದರೆ ಇಡೀ ವಾರಕ್ಕೆ 20 ನಿಮಿಷ ಚಿಲ್ಲರೆ. ಡಿಜೆ ಮುಂದೆ ಮೂರು ಗಂಟೆ ಕುಣಿದ ಹುಡುಗ ಎಷ್ಟು ವಾರಗಳ ಪಾಲನ್ನು ಒಂದೇ ರಾತ್ರಿಯಲ್ಲಿ ತೀರಿಸಿದ ಎಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿ.

ಪಟಾಕಿಗೆ ಈ ಲೆಕ್ಕವೂ ಅನ್ವಯಿಸುವುದಿಲ್ಲ. 140 ಡೆಸಿಬೆಲ್ ಮೀರಿದ ಒಂದೇ ಸಿಡಿತ ತಮಟೆಯನ್ನು ಹರಿಯಬಲ್ಲದು, ರೋಮಕೋಶಗಳನ್ನು ಕಿತ್ತು ಹಾಕಬಲ್ಲದು.

ವೈದ್ಯರ ಕೈಯಲ್ಲಿ ಸದ್ದು

ಸದ್ದನ್ನು ಬರಿಯ ಶತ್ರುವಾಗಿ ಚಿತ್ರಿಸಿದರೆ ಅನ್ಯಾಯವಾದೀತು. ನಮ್ಮ ವೃತ್ತಿ ನಿಂತಿರುವುದೇ ಅದರ ಮೇಲೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ಬಿರುಕು ಬಿಟ್ಟ ಮಡಕೆಯ ಸದ್ದೇ ಬೇರೆ. ಆಸ್ಟ್ರಿಯಾದ ವೈದ್ಯ ಔಯೆನ್‌ಬ್ರುಗ್ಗರ್ ಹೋಟೆಲು ನಡೆಸುವವನ ಮಗ. ಪೀಪಾಯಿ ತಟ್ಟಿ ಒಳಗೆಷ್ಟು ಮದ್ಯ ಉಳಿದಿದೆ ಎಂದು ತಿಳಿಯುವ ರೀತಿಯನ್ನೇ ಅವನು ರೋಗಿಯ ಎದೆಗೆ ಬಳಸಿ 1761ರಲ್ಲಿ ಪ್ರಕಟಿಸಿದ. ಇಂದಿಗೂ ವೈದ್ಯರು ನಿಮ್ಮ ಬೆನ್ನ ಮೇಲೆ ಬೆರಳಿಟ್ಟು ತಟ್ಟುವುದು ಇದಕ್ಕೇ. ಗಾಳಿ ತುಂಬಿದ ಶ್ವಾಸಕೋಶ ಡೋಲಿನಂತೆ ದನಿಗೊಡುತ್ತದೆ. ನೀರು ತುಂಬಿದ್ದರೆ ಸದ್ದು ಸತ್ತಂತಿರುತ್ತದೆ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತಾಸ್ಕೋಪು ಹುಟ್ಟಿತು.

ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಕೂಡ ಸದ್ದಿನದೇ ಕೆಲಸ. ಎಕ್ಸ್‌ರೇ ಅಲ್ಲ. ಸೆಕೆಂಡಿಗೆ ಹತ್ತಾರು ಲಕ್ಷ ಸಲ ಕಂಪಿಸುವ ಶ್ರವಣಾತೀತ ಶಬ್ದವನ್ನು ಒಳಗೆ ಕಳಿಸಿ, ವಾಪಸ್ ಬರುವ ಪ್ರತಿಧ್ವನಿಯಿಂದ ಯಂತ್ರ ಚಿತ್ರ ಬರೆಯುತ್ತದೆ. ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚುವುದೇಕೆ ಎಂದು ಹಲವರು ಕೇಳುತ್ತಾರೆ. ಗಾಳಿ ಮತ್ತು ದ್ರವದ ನಡುವೆ ಸದ್ದು ದಾಟಲಾರದು ಎಂದು ಮೇಲೆ ನೋಡಿದೆವಲ್ಲ, ಚರ್ಮ ಮತ್ತು ಯಂತ್ರದ ನಡುವೆ ಗಾಳಿ ಉಳಿಯದಿರಲೆಂದೇ ಆ ಲೋಳೆ.

ಮನೆಯಲ್ಲೇ ಒಂದು ಪರೀಕ್ಷೆ

ಬಾಯಿ ಮುಚ್ಚಿ 'ಮ್...' ಎಂದು ಗುನುಗುತ್ತಾ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ. ಸದ್ದು ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳುತ್ತದೆ! ತಲೆಬುರುಡೆಯ ಮೂಲಕ ಬಂದ ಸದ್ದಿಗೆ ಹೊರಗೆ ಹೋಗುವ ದಾರಿ ಮುಚ್ಚಿದ್ದರಿಂದ ಹೀಗೆ. ವೈದ್ಯರು 512 ಹರ್ಟ್ಜ್‌ನ ಶ್ರುತಿಕವೆಯನ್ನು ಹಣೆಯ ಮೇಲಿಟ್ಟು ಕೇಳುವುದೂ ಇದೇ ತತ್ತ್ವದ ಮೇಲೆ.

ಇದ್ದಕ್ಕಿದ್ದಂತೆ ಒಂದು ಕಿವಿ ಮುಚ್ಚಿಕೊಂಡಂತಾದರೆ ಕಿವಿ ಮುಟ್ಟದೆ ಗುನುಗಿ ನೋಡಿ. ಗುನುಗು ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ, ನೆಗಡಿಯಿಂದ ನಡುಗಿವಿಯಲ್ಲಿ ನೀರು ನಿಂತಿದೆಯೋ ಇರಬಹುದು. ಒಳ್ಳೆಯ ಕಿವಿಯ ಕಡೆಗೆ ಹೋದರೆ ನರದ ತೊಂದರೆಯ ಅನುಮಾನ. ಇದು ತುರ್ತು. ಬೇಗನೆ ಸ್ಟೆರಾಯ್ಡ್ ಚಿಕಿತ್ಸೆ ಸಿಕ್ಕರೆ ಹಲವರಿಗೆ ಕಿವಿ ಮರಳುತ್ತದೆ. ವಾರಗಟ್ಟಲೆ ತಡಮಾಡಿದರೆ ಆ ಅವಕಾಶ ಕೈತಪ್ಪುತ್ತದೆ. ಗುನುಗು ಯಾವ ಕಡೆ ಕೇಳಿದರೂ ಸರಿಯೇ, ಒಂದೆರಡು ದಿನದಲ್ಲಿ ಕಿವಿ ತಟ್ಟನೆ ಮಂದವಾದರೆ 'ಶೀತ ಇರಬೇಕು' ಎಂದು ಕಾಯಬೇಡಿ. ಕಿವಿ-ಮೂಗು-ಗಂಟಲು ತಜ್ಞರನ್ನು ಅದೇ ದಿನ, ತಪ್ಪಿದರೆ ಮರುದಿನ ಕಾಣಿ.

ಕೂಸಿನ ಕಿವಿ

ಕೇಳದ ಮಗುವಿಗೆ ಮಾತು ಬಾರದು. ಕಿವುಡನ್ನು ಬೇಗ ಕಂಡುಹಿಡಿಯಬೇಕೆನ್ನುವುದು ಇದಕ್ಕೇ. ಹುಟ್ಟಿದ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ತಜ್ಞರು ಒಪ್ಪಿದ ಸೂತ್ರ. ಆರೋಗ್ಯವಂತ ಕಾಕ್ಲಿಯ ಸದ್ದು ಕೇಳಿದಾಗ ತಾನೂ ಒಂದು ಸಣ್ಣ ಪ್ರತಿಸದ್ದು ಹೊರಡಿಸುತ್ತದೆ ಎಂದು 1978ರಲ್ಲಿ ಡೇವಿಡ್ ಕೆಂಪ್ ಕಂಡುಕೊಂಡರು. ನಿದ್ದೆ ಮಾಡುತ್ತಿರುವ ಕೂಸಿನ ಕಿವಿಗೆ ಪುಟ್ಟ ತುಣುಕೊಂದನ್ನು ಇಟ್ಟು, ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ಪರೀಕ್ಷಿಸಲು ಇದರಿಂದ ಸಾಧ್ಯವಾಗಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು. 'ನಮ್ಮ ಮನೆತನದಲ್ಲಿ ಮಾತು ತಡ' ಎಂದು ಮೂರು ವರ್ಷ ಕಾಯುವ ಅಜ್ಜ ಅಜ್ಜಿಯರು ದಯವಿಟ್ಟು ಇದನ್ನು ಗಮನಿಸಿ.

ಕಾನೂನು ಏನು ಹೇಳುತ್ತದೆ?

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾದರೆ ಅಲ್ಲಿ 50 ಮತ್ತು 40. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಹರಿದಿನಗಳ ಹೆಸರಿನಲ್ಲಿ ವರ್ಷಕ್ಕೆ ಗರಿಷ್ಠ 15 ದಿನ ಮಾತ್ರ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಪಕ್ಕದ ಮನೆಯಲ್ಲಿ ಬಾಣಂತಿಯೋ, ಹೃದಯರೋಗಿಯೋ, ಪರೀಕ್ಷೆಗೆ ಓದುವ ಮಗುವೋ ಇದ್ದಾಗ ಮೊದಲು ಆಯೋಜಕರನ್ನು ಕಂಡು ವಿನಯದಿಂದ ಕೇಳಿ. ಕೇಳದಿದ್ದರೆ 112ಕ್ಕೆ ಕರೆ ಮಾಡುವುದು ನಿಮ್ಮ ಹಕ್ಕು.

ಇಷ್ಟು ಮಾಡಿ

1. ತೋಳಳತೆಯ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತನಾಡಬೇಕಾದರೆ ಅಲ್ಲಿನ ಸದ್ದು 85 ಡೆಸಿಬೆಲ್ ದಾಟಿದೆ ಎಂದು ತಿಳಿಯಿರಿ. ದೂರ ಸರಿಯಿರಿ.
2. ಇಯರ್‌ಫೋನಿನ ಜೋರು ಶೇಕಡ 60 ಮೀರದಿರಲಿ. ಬಸ್ಸಿನ ಗದ್ದಲವನ್ನು ಮುಳುಗಿಸಲೆಂದು ಜೋರು ಹೆಚ್ಚಿಸಬೇಡಿ. ಗಂಟೆಗೊಮ್ಮೆ ಕಿವಿಗೆ ಬಿಡುವು ಕೊಡಿ.
3. ಗದ್ದಲದ ಕೆಲಸದಲ್ಲಿರುವವರು ಸ್ಪಂಜಿನ ಕಿವಿಬಿರಡೆ ಅಥವಾ ಕಿವಿಗವಸು ಹಾಕಿಕೊಳ್ಳಿ. ಬರಿಯ ಹತ್ತಿ ತುರುಕಿದರೆ ಸಾಲದು. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ.
4. ಕೂಸನ್ನು ಎತ್ತಿಕೊಂಡು ಸ್ಪೀಕರಿನ ಮುಂದೆ ನಿಲ್ಲಬೇಡಿ. ಪಟಾಕಿ ಹಚ್ಚುವ ಜಾಗದಿಂದ ಮಕ್ಕಳನ್ನು ದೂರವಿಡಿ.
5. ಕಿವಿಗೆ ಹೇರ್‌ಪಿನ್ನು, ಬೆಂಕಿಕಡ್ಡಿ, ಬಡ್ಸು ಹಾಕಬೇಡಿ. ಅವು ಗುಗ್ಗೆಯನ್ನು ಇನ್ನೂ ಒಳಕ್ಕೆ ತಳ್ಳುತ್ತವೆ.
6. ಹಿರಿಯರಿಗೆ ಶ್ರವಣ ಯಂತ್ರ ಬೇಕೆಂದರೆ ನಾಚಿಕೆ ಬೇಡ. ಕನ್ನಡಕಕ್ಕಿಲ್ಲದ ನಾಚಿಕೆ ಇದಕ್ಕೇಕೆ? ಕೇಳದವರು ಮಾತು ಬಿಟ್ಟು ಮೂಲೆ ಸೇರುತ್ತಾರೆ. ಮುಪ್ಪಿನ ಮರೆಗುಳಿತನಕ್ಕೆ ತಡೆಯಬಹುದಾದ ಕಾರಣಗಳಲ್ಲಿ ಕಿವುಡೂ ಒಂದು.

ನೀವು ಕೇಳುವ ಪ್ರಶ್ನೆಗಳು

ಪ್ರಶ್ನೆ: ಮಗುವಿಗೆ ಕಿವಿನೋವು ಬಂದರೆ ಬೆಚ್ಚಗಿನ ಎಣ್ಣೆ ಬಿಡಬಹುದೇ?
ಉತ್ತರ: ಬೇಡ. ಮಕ್ಕಳ ಕಿವಿನೋವು ಬಹುಪಾಲು ತಮಟೆಯ ಹಿಂದಿನದು, ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ತಮಟೆಯಲ್ಲಿ ತೂತಿದ್ದರೆ ತಲುಪುತ್ತದೆ, ಆಗ ಸೋಂಕು ಹೆಚ್ಚುತ್ತದೆ. ನೋವಿಗೆ ಪ್ಯಾರಸಿಟಮಾಲ್ ಕೊಟ್ಟು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಪಟಾಕಿ ಸಿಡಿದು ಕಿವಿ ಗುಂಯ್ ಎನ್ನುತ್ತಿದೆ, ಸ್ವಲ್ಪ ರಕ್ತವೂ ಬಂತು. ಏನು ಮಾಡಬೇಕು?
ಉತ್ತರ: ತಮಟೆ ಹರಿದಿರಬಹುದು. ಕಿವಿಗೆ ನೀರು, ಎಣ್ಣೆ, ಔಷಧಿಯ ಹನಿ ಏನನ್ನೂ ಬಿಡಬೇಡಿ. ಜೋರಾಗಿ ಸೀನು ಚೀದಬೇಡಿ. ಅದೇ ದಿನ ತಜ್ಞರಿಗೆ ತೋರಿಸಿ. ಚಿಕ್ಕ ಹರಿತ ಕೆಲವು ವಾರಗಳಲ್ಲಿ ತಾನಾಗಿ ಕೂಡುವುದೇ ಹೆಚ್ಚು.

ಪ್ರಶ್ನೆ: ಕೆಟ್ಟ ರೋಮಕೋಶಗಳನ್ನು ಮತ್ತೆ ಬೆಳೆಸುವ ಟಾನಿಕ್ಕು ಇದೆಯೇ?
ಉತ್ತರ: ಇಲ್ಲ. ಹಾಗೆಂದು ಮಾರುವವರನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಉಳಿದದ್ದನ್ನು ಕಾಪಾಡಿಕೊಳ್ಳುವುದು, ಕಡಿಮೆಯಾದದ್ದನ್ನು ಯಂತ್ರದಿಂದ ತುಂಬಿಕೊಳ್ಳುವುದು, ಇವೆರಡೇ ದಾರಿ.

ಹುಟ್ಟುವಾಗ ತಂದ 15,000 ರೋಮಕೋಶಗಳೇ ಕೊನೆಯವರೆಗಿನ ಬಂಡವಾಳ. ಇದಕ್ಕೆ ಬಡ್ಡಿಯೂ ಇಲ್ಲ, ಮರುಪೂರಣವೂ ಇಲ್ಲ. ಮೊಮ್ಮಕ್ಕಳ ತೊದಲು ಮಾತು ಕೇಳುವ ವಯಸ್ಸಿಗೆ ಅದು ಉಳಿದಿರಬೇಕೆಂದರೆ ಖರ್ಚನ್ನು ಈಗಿನಿಂದಲೇ ಹಿಡಿತದಲ್ಲಿಡಿ. ಸಂಜೆ ಟಿ.ವಿ. ಹಾಕುವಾಗ ಎರಡು ಗೆರೆ ಕಡಿಮೆ ಇಟ್ಟು ನೋಡಿ, ಅಷ್ಟೇ ಚೆನ್ನಾಗಿ ಕೇಳುತ್ತದೆ.